ಸ್ಮಾರ್ಟ್ ಕ್ಲಾಸಿನಲ್ಲಿ ಮೇಷ್ಟ್ರ ಕೆಲಸ: ಪರದೆ ಬಂದ ಮೇಲೆ ಪಾಠ ನಡೆಸುವ ಬಗೆ

ಶಾಲೆಯಲ್ಲಿ ಒಂದು ಪ್ರೊಜೆಕ್ಟರ್, ಒಂದು ಲ್ಯಾಪ್‌ಟಾಪ್, ಎಂಟು ಹತ್ತು ಕಂಪ್ಯೂಟರ್ ಇವೆ, ಇವನ್ನು ಪಾಠಕ್ಕೆ ಹೇಗೆ ಹೂಡಬೇಕು ಎಂದು ಯೋಚಿಸುತ್ತಿರುವ ಪ್ರೌಢಶಾಲೆಯ ವಿಷಯ ಶಿಕ್ಷಕರಿಗಾಗಿ ಈ ಬರಹ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡೋಣ. ನಲವತ್ತು ನಿಮಿಷದ ಪೀರಿಯಡ್‌ನಲ್ಲಿ ಯಾವ ಹತ್ತು ನಿಮಿಷ ಪರದೆಗೆ, ಉಳಿದ ಮೂವತ್ತು ಯಾವುದಕ್ಕೆ ಎಂದು ತೀರ್ಮಾನಿಸುವವರು ನೀವಾಗಿರಬೇಕು. ಆ ತೀರ್ಮಾನವನ್ನು ಕಂಪನಿಯವರಿಗೋ ಸುತ್ತೋಲೆಗೋ ಬಿಟ್ಟುಕೊಟ್ಟರೆ ಶಾಲೆಯಲ್ಲಿ ಒಂದು ದುಬಾರಿ ಟಿ.ವಿ. ಉಳಿಯುತ್ತದೆ, ಅಷ್ಟೆ.

ಕರ್ನಾಟಕ ಈ ಪಾಠವನ್ನು ಒಂದೆರಡು ಸಲ ಕಲಿತಾಗಿದೆ. 2001ರ ಸುಮಾರಿಗೆ ಶುರುವಾದ ಮಾಹಿತಿ ಸಿಂಧು ಯೋಜನೆಯಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಬಂದವು. ಕಲಿಸಲು ಖಾಸಗಿ ಸಂಸ್ಥೆಗಳ ಬೋಧಕರು ಬಂದರು, ಗಣಿತ ವಿಜ್ಞಾನದ ಮೇಷ್ಟ್ರು ಹೊರಗೇ ಉಳಿದರು. ಗುತ್ತಿಗೆ ಮುಗಿದು ಬೋಧಕರು ಹೊರಟಾಗ ಕೋಣೆಗೆ ಬೀಗ ಬೀಳುವುದು ಸಹಜವೇ ಆಗಿತ್ತು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಎಜುಸ್ಯಾಟ್ ಉಪಗ್ರಹ ಹಾರಿಸಿತು, ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲಿ ಅದರ ಪಾಠಗಳ ಪ್ರಯೋಗ ನಡೆಯಿತು. ಆದರೆ ಪ್ರಸಾರದ ಪಾಠ ತನ್ನ ಹೊತ್ತಿಗೆ ಬಂದು ತನ್ನ ವೇಗಕ್ಕೆ ಹೋಗುತ್ತದೆ. ಹಿಂದಿನ ಬೆಂಚಿನ ಹುಡುಗಿಗೆ ಅರ್ಥವಾಗಲಿಲ್ಲ ಎಂದು ಅದು ನಿಲ್ಲುವುದಿಲ್ಲ. ಆಮೇಲೆ ರಾಜ್ಯದ ಶಿಕ್ಷಣ ಸಂಶೋಧನೆ, ತರಬೇತಿಯ ಇಲಾಖೆ ಡಿ.ಎಸ್.ಇ.ಆರ್.ಟಿ. ವಿಷಯ ಶಿಕ್ಷಕರ ವೇದಿಕೆ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು, ತಂತ್ರಜ್ಞಾನ ಬಳಸಿ ಕಲಿಸುವ ಟಾಲ್ಪ್ ತರಬೇತಿ ಎಂದು ಹೆಜ್ಜೆ ಹಾಕಿ ವಿಷಯ ಕಲಿಸುವವರನ್ನೇ ಕಂಪ್ಯೂಟರಿನ ಮುಂದೆ ಕೂರಿಸಿತು. ಸರಿಯಾದ ದಾರಿ ಇದೇ. ಹೊರದೇಶದಲ್ಲಿಯೂ ಪೆರು ಮಗುವಿಗೊಂದರಂತೆ ಲ್ಯಾಪ್‌ಟಾಪ್ ಹಂಚಿ ನೋಡಿತು. ಗ್ರಾಮೀಣ ಶಾಲೆಗಳಲ್ಲಿ ನಡೆದ ಅಧ್ಯಯನಕ್ಕೆ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಕಲಿಕೆ ಹೆಚ್ಚಿದ ಗುರುತು ಸಿಗಲಿಲ್ಲ.

ಸಾಮಾನು ಇಳಿಸಿಕೊಳ್ಳುವ ಮೊದಲು

ದಾನಿಗಳೋ ಸಾಮಾಜಿಕ ಹೊಣೆಗಾರಿಕೆಯ (ಸಿ.ಎಸ್.ಆರ್.) ಹಣದ ಕಂಪನಿಯೋ ಸ್ಮಾರ್ಟ್ ಕ್ಲಾಸ್ ಕೊಡುತ್ತೇವೆ ಎಂದು ಬಂದಾಗ ಮುಖ್ಯ ಶಿಕ್ಷಕರು (ಎಚ್.ಎಂ.) ಒಬ್ಬರೇ ಸಹಿ ಹಾಕುವುದು ಬೇಡ. ಶಾಲಾಭಿವೃದ್ಧಿ ಸಮಿತಿಯ (ಎಸ್.ಡಿ.ಎಂ.ಸಿ.) ಸಭೆಯಲ್ಲಿ ಇಬ್ಬರು ವಿಷಯ ಶಿಕ್ಷಕರು ಕೂತು ಇಷ್ಟನ್ನಾದರೂ ಕೇಳಬೇಕು. ಇಂಟರ್ನೆಟ್ ಇಲ್ಲದಿದ್ದರೆ ಪಾಠ ಓಡುತ್ತದೆಯೇ? ಕೊಟ್ಟಿರುವ ವಿಡಿಯೋ ನಮ್ಮ ಪಠ್ಯಪುಸ್ತಕದ ಅಧ್ಯಾಯಗಳಿಗೆ, ನಮ್ಮ ಮಾಧ್ಯಮಕ್ಕೆ ಹೊಂದುತ್ತದೆಯೇ, ಇಲ್ಲ ಇಂಗ್ಲಿಷ್ ಪಾಠಕ್ಕೆ ಕನ್ನಡ ಧ್ವನಿ ಅಂಟಿಸಿದ್ದಾರೆಯೇ? ಲೈಸೆನ್ಸ್ ಎಷ್ಟು ವರ್ಷದ್ದು, ಮುಗಿದ ಮೇಲೆ ದುಡ್ಡು ಯಾರದು? ನಮ್ಮದೇ ಫೈಲು ಹಾಕಿ ತೋರಿಸಲು ಬರುತ್ತದೆಯೇ? ಕೆಟ್ಟರೆ ಎಷ್ಟು ದಿನದೊಳಗೆ ಜನ ಬರುತ್ತಾರೆ, ಎಲ್ಲಿಂದ? ಕೊನೆಯ ಪ್ರಶ್ನೆಗೆ ‘ಟೋಲ್ ಫ್ರೀ ನಂಬರ್ ಇದೆ’ ಎಂಬುದಷ್ಟೇ ಉತ್ತರವಾದರೆ, ಹತ್ತಿರದ ತಾಲ್ಲೂಕು ಕೇಂದ್ರದ ಒಬ್ಬ ರಿಪೇರಿಯವರ ಹೆಸರನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಬಂದ ದಿನವೇ ಪ್ರತಿಯೊಂದರ ಸೀರಿಯಲ್ ನಂಬರ್ ದಾಸ್ತಾನು ವಹಿಗೆ ಏರಲಿ. ರಿಮೋಟ್, ಕೇಬಲ್, ಅಡಾಪ್ಟರ್ ಕೂಡ. ಮೊದಲು ಕಳೆದುಹೋಗುವುದು ರಿಮೋಟ್. ಕೆಲವು ಪ್ರೊಜೆಕ್ಟರ್‌ಗಳಲ್ಲಿ ರಿಮೋಟ್ ಇಲ್ಲದೆ ಚಿತ್ರ ಎಲ್ಲಿಂದ ಬರಬೇಕು ಎಂಬ ಆಯ್ಕೆ ಬದಲಿಸುವುದೇ ಪಡಿಪಾಟಲು.

ಕೋಣೆ, ಕರೆಂಟು, ಗೋಡೆ

ದುಬಾರಿ ಪರದೆ ಬೇಕಿಲ್ಲ. ಸಮತಟ್ಟಾದ ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದು 6 ಅಡಿ ಅಗಲ, ಸುಮಾರು 4 ಅಡಿ ಎತ್ತರದ ಜಾಗ ಮಾಡಿಕೊಂಡರೆ ಸಾಕು. ಅದರ ಕೆಳ ಅಂಚು ನೆಲದಿಂದ 4 ಅಡಿ ಮೇಲಿರಲಿ, ಇಲ್ಲದಿದ್ದರೆ ಮುಂದಿನವರ ತಲೆ ಹಿಂದಿನವರಿಗೆ ಅಡ್ಡ. ಮುಖ್ಯವಾಗಿ, ಕರಿಹಲಗೆಯ ಮೇಲೆ ಪರದೆ ಇಳಿಬಿಡಬೇಡಿ. ಎರಡೂ ಅಕ್ಕಪಕ್ಕ ಇರಬೇಕು. ಚಿತ್ರ ಪರದೆಯಲ್ಲಿ, ಲೆಕ್ಕ ಹಲಗೆಯಲ್ಲಿ, ಎರಡಕ್ಕೂ ಕೈ ತೋರಿಸಿ ಮಾತಾಡುವಂತಿದ್ದರೆ ಅರ್ಧ ಕೆಲಸ ಹಗುರ.

ಸಾಮಾನ್ಯ ಪ್ರೊಜೆಕ್ಟರ್‌ಗೆ ಚಿತ್ರದ ಅಗಲದ ಸುಮಾರು ಒಂದೂವರೆ ಪಟ್ಟು ದೂರ ಬೇಕು. 6 ಅಡಿ ಅಗಲದ ಚಿತ್ರಕ್ಕೆ 9 ಅಡಿ. ಗೋಡೆಗೆ ಹತ್ತಿರವೇ ಕೂರುವ ಶಾರ್ಟ್ ಥ್ರೋ ಮಾದರಿಯಾದರೆ 3 ಅಡಿ ಸಾಕು, ಮೇಷ್ಟ್ರ ನೆರಳೂ ಬೀಳುವುದಿಲ್ಲ. ಕಿಟಕಿ ಮುಚ್ಚಿ ಕತ್ತಲೆ ಮಾಡುವುದು ಒಳ್ಳೆಯ ಅಭ್ಯಾಸವಲ್ಲ. ಮಕ್ಕಳು ಬರೆಯಲಾಗದು, ನಿಮಗೆ ಅವರ ಮುಖ ಕಾಣದು. ಬೆಳಕಿನ ಅಳತೆ 3000 ಲ್ಯೂಮೆನ್ ಅಥವಾ ಹೆಚ್ಚಿರುವ ಪ್ರೊಜೆಕ್ಟರ್ ಇದ್ದು, ಪರದೆಯ ಪಕ್ಕದ ಕಿಟಕಿಯೊಂದನ್ನೇ ಮುಚ್ಚಿದರೆ ಎರಡೂ ಆಗುತ್ತದೆ.

ಅಕ್ಷರದ ಗಾತ್ರಕ್ಕೆ ಒಂದು ಅಂದಾಜು ಲೆಕ್ಕ: ಪ್ರತಿ 10 ಅಡಿ ದೂರಕ್ಕೆ ಗೋಡೆಯ ಮೇಲೆ 1 ಇಂಚು ಎತ್ತರದ ಅಕ್ಷರ. ಕೊನೆಯ ಬೆಂಚು 20 ಅಡಿ ಹಿಂದಿದ್ದರೆ 2 ಇಂಚು. ಎರಡು ಸಾಲುಗಳ ನಡುವೆ ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಕಾಗುವುದಿಲ್ಲ, ಒತ್ತಕ್ಷರಗಳು ಕೆಳಗಿನ ಸಾಲಿಗೆ ಹೋಗಿ ತಾಗುತ್ತವೆ. ಸಾಲುಗಳ ಅಂತರ (ಲೈನ್ ಸ್ಪೇಸಿಂಗ್) 1.3 ಅಥವಾ 1.4 ಇಟ್ಟು, ಒಂದು ಸ್ಲೈಡಿಗೆ ಆರು ಸಾಲು ಮೀರದಂತೆ ನೋಡಿಕೊಳ್ಳಿ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ಬೇರೆ ಕಂಪ್ಯೂಟರಿನಲ್ಲಿ ಗೊಜ್ಜಾಗುವುದು ಎಲ್ಲರಿಗೂ ಗೊತ್ತಿರುವ ರಗಳೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ತೋರಿಸುವ ಪ್ರತಿಯನ್ನು ಪಿ.ಡಿ.ಎಫ್. ಮಾಡಿಟ್ಟರೆ ಆ ಕಾಟ ತಪ್ಪುತ್ತದೆ.

ಕರೆಂಟಿನ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಹಾಕಲೇಬೇಕು. ಪ್ರೊಜೆಕ್ಟರ್ 250 ವ್ಯಾಟ್, ಲ್ಯಾಪ್‌ಟಾಪ್ 65 ವ್ಯಾಟ್, ಒಟ್ಟು 315. 12 ವೋಲ್ಟಿನ 150 ಎ.ಎಚ್. ಬ್ಯಾಟರಿಯಲ್ಲಿ 1800 ವ್ಯಾಟ್-ಗಂಟೆ ಎಂದು ಲೆಕ್ಕ, ಕೈಗೆ ಸಿಗುವುದು ಅದರ ಮೂರನೆಯ ಎರಡು ಭಾಗ. ಅಂದರೆ ಮೂರೂವರೆ ಗಂಟೆಗೂ ಸ್ವಲ್ಪ ಹೆಚ್ಚು, ಸುಮಾರು ಐದು ಪೀರಿಯಡ್. ಅದೇ ಇನ್ವರ್ಟರ್‌ಗೆ ಹತ್ತು ಡೆಸ್ಕ್‌ಟಾಪ್ ಸಿಕ್ಕಿಸಿದರೆ 1000 ವ್ಯಾಟ್ ಆಗುತ್ತದೆ, 900 ವಿ.ಎ. ಇನ್ವರ್ಟರ್ ಅದನ್ನು ಹೊರಲಾರದೆ ಟ್ರಿಪ್ ಆಗುತ್ತದೆ. ಆದ್ದರಿಂದ ಲ್ಯಾಬಿಗೂ ಪ್ರೊಜೆಕ್ಟರ್‌ಗೂ ಒಂದೇ ಲೈನ್ ಬೇಡ. ದೀಪದ ಪ್ರೊಜೆಕ್ಟರ್‌ಗೆ ಬ್ಯಾಟರಿ ಬೇಕೇ ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಕರೆಂಟು ಪಟ್ಟನೆ ಹೋದರೆ ಒಳಗಿನ ಫ್ಯಾನೂ ನಿಲ್ಲುತ್ತದೆ, ಕೆಂಡವಾಗಿರುವ ದೀಪ ತಣಿಯದೆ ಆಯಸ್ಸು ಕಳೆದುಕೊಳ್ಳುತ್ತದೆ. ಪಾಠ ಮುಗಿದಾಗಲೂ ಸ್ವಿಚ್ ಕಿತ್ತುಹಾಕದೆ, ರಿಮೋಟಿನಲ್ಲಿ ಆರಿಸಿ ಫ್ಯಾನ್ ನಿಲ್ಲುವವರೆಗೆ ಕಾಯಿರಿ. ಸೀಮೆಸುಣ್ಣದ ಪುಡಿ ಕೂರುವ ಫಿಲ್ಟರನ್ನು ತಿಂಗಳಿಗೊಮ್ಮೆ ಬಿಚ್ಚಿ ಕೊಡವಿ.

ಪಾಠದ ಹೊತ್ತಿಗೆ ಎದುರಾಗುವ ಮಾಮೂಲಿ ತೊಂದರೆ ಎರಡು. ಚಿತ್ರ ಬರುತ್ತದೆ, ಶಬ್ದವಿಲ್ಲ: ಎಚ್.ಡಿ.ಎಂ.ಐ. ಕೇಬಲ್ ಹಾಕಿದೊಡನೆ ಧ್ವನಿ ಪ್ರೊಜೆಕ್ಟರ್‌ನ ಸಣ್ಣ ಸ್ಪೀಕರಿಗೆ ಹೋಗಿರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಬದಲಿಸಿ ಹೊರಗಿನ ಸ್ಪೀಕರಿಗೆ ಕೊಡಿ. ಲ್ಯಾಪ್‌ಟಾಪಿನಲ್ಲಿ ಚಿತ್ರವಿದೆ, ಗೋಡೆ ಖಾಲಿ: ವಿಂಡೋಸ್ ಇರಲಿ, ಉಬುಂಟು ಇರಲಿ, ವಿಂಡೋಸ್ ಗುರುತಿನ ಕೀ ಜೊತೆ ‘ಪಿ’ ಒತ್ತಿ ಎರಡೂ ಕಡೆ ಒಂದೇ ಚಿತ್ರ ಬರುವ ಆಯ್ಕೆ ಮಾಡಿ. ಫೋನಿನಿಂದ ನೇರ ಕೇಬಲ್ ಹಾಕುವ ಯೋಚನೆ ಇದ್ದರೆ ಮೊದಲು ಪರೀಕ್ಷಿಸಿ. ಟೈಪ್-ಸಿ ರಂಧ್ರವಿದ್ದ ಮಾತ್ರಕ್ಕೆ ಎಲ್ಲ ಫೋನೂ ಚಿತ್ರ ಹೊರಗೆ ಕೊಡುವುದಿಲ್ಲ. ಕಡಿಮೆ ಬೆಲೆಯ ಫೋನುಗಳಲ್ಲಿ ಸಾಮಾನ್ಯವಾಗಿ ಈ ಸೌಲಭ್ಯ ಇರುವುದಿಲ್ಲ.

ಒಂದು ಪೀರಿಯಡ್, ಬಿಡಿಬಿಡಿಯಾಗಿ

ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಪಾಠ ತೆಗೆದುಕೊಳ್ಳೋಣ. ಸರಣಿ ಜೋಡಣೆ, ಸಮಾಂತರ ಜೋಡಣೆ. ಮಕ್ಕಳ ತಲೆಯಲ್ಲಿ ಗಟ್ಟಿಯಾಗಿ ಕೂತಿರುವ ತಪ್ಪು ಕಲ್ಪನೆ ಒಂದೇ: ವಿದ್ಯುತ್ ಪ್ರವಾಹ ಮೊದಲ ಬಲ್ಬಿನಲ್ಲಿ ಸ್ವಲ್ಪ ಖರ್ಚಾಗಿ, ಉಳಿದದ್ದು ಎರಡನೆಯ ಬಲ್ಬಿಗೆ ಹೋಗುತ್ತದೆ ಎಂಬುದು. ಸೂತ್ರ ಬಾಯಿಪಾಠ ಮಾಡಿ ಲೆಕ್ಕ ಬಿಡಿಸುವ ಮಗುವೂ ಒಳಗೊಳಗೇ ಇದನ್ನೇ ನಂಬಿರುತ್ತದೆ. ಈ ಕಲ್ಪನೆಯನ್ನು ಯಾವ ವಿಡಿಯೋವೂ ತಾನಾಗಿ ಕೀಳಲಾರದು, ಏಕೆಂದರೆ ಮಗು ಏನು ನಂಬಿದೆ ಎಂದು ವಿಡಿಯೋ ಕೇಳುವುದಿಲ್ಲ. ನೀವು ಕೇಳಬೇಕು.

ಬೇಕಾದದ್ದು: ಟಾರ್ಚಿನ ದೊಡ್ಡ ಸೆಲ್ 2, ಹೋಲ್ಡರ್ ಸಮೇತ 2.5 ವೋಲ್ಟಿನ ಟಾರ್ಚ್ ಬಲ್ಬ್ 2, ಒಂದು ಮೀಟರ್ ವೈರು, ಪ್ರತಿ ಮಗುವಿಗೂ ಒಂದು ಕಾಗದ. ಲ್ಯಾಪ್‌ಟಾಪಿನಲ್ಲಿ ಫೆಟ್‌ನ ಏಕಮುಖ ವಿದ್ಯುತ್ ಮಂಡಲ ಜೋಡಿಸುವ ಸಿಮ್ಯುಲೇಶನ್, ಅಂದರೆ ಪರದೆಯ ಮೇಲೆ ಮಾಡುವ ಅಣಕು ಪ್ರಯೋಗ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಯೋಜನೆ ಫೆಟ್, ಬಳಕೆ ಉಚಿತ. ಈ ಸಿಮ್ಯುಲೇಶನ್ ಒಂದೇ ಫೈಲಾಗಿ ಇಳಿಯುತ್ತದೆ. ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ತಂದರೆ ಇಂಟರ್ನೆಟ್ ಇಲ್ಲದೆ ಬ್ರೌಸರಿನಲ್ಲಿ ತೆರೆಯುತ್ತದೆ.

ಮೊದಲ 5 ನಿಮಿಷ, ಹಾಜರಿ. ಆ ಹೊತ್ತಿನಲ್ಲಿ ಒಬ್ಬ ವಿದ್ಯಾರ್ಥಿ ಪ್ರೊಜೆಕ್ಟರ್ ಹಚ್ಚಿ ರಿಮೋಟಿನ ಬ್ಲ್ಯಾಂಕ್ (ಅಥವಾ ಮ್ಯೂಟ್) ಗುಂಡಿಯಿಂದ ಚಿತ್ರ ಮರೆಮಾಡಿರಲಿ. ಪರದೆ ಬೆಳಗುತ್ತಿದ್ದರೆ ನಿಮ್ಮ ಮಾತು ಯಾರೂ ಕೇಳುವುದಿಲ್ಲ.

ಮುಂದಿನ 5 ನಿಮಿಷ, ಊಹೆ. ಹಲಗೆಯ ಮೇಲೆ ಚಿತ್ರ ಬರೆದು ಕೇಳಿ: ಒಂದೇ ಬಗೆಯ ಎರಡು ಬಲ್ಬು ಸರಣಿಯಲ್ಲಿವೆ. ಸೆಲ್ಲಿನ ಧನ ತುದಿಗೆ ಹತ್ತಿರವಿರುವ ಬಲ್ಬು 1) ಹೆಚ್ಚು ಬೆಳಗುತ್ತದೆ 2) ಕಡಿಮೆ ಬೆಳಗುತ್ತದೆ 3) ಎರಡೂ ಸಮ 4) ಎರಡೂ ಬೆಳಗುವುದಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಒಂದೊಂದು ಭಾಗದಲ್ಲಿ ಒಂದೊಂದು ಅಂಕಿಯನ್ನು ದೊಡ್ಡದಾಗಿ ಬರೆಸಿರಬೇಕು. ಅ, ಆ ಎಂದು ಬರೆಸಿದರೆ ದೂರಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಮೊದಲು ನೋಟ್ ಪುಸ್ತಕದಲ್ಲಿ ಉತ್ತರವನ್ನೂ ಒಂದು ಸಾಲಿನ ಕಾರಣವನ್ನೂ ಬರೆಯಬೇಕು, ಆಮೇಲೆ ‘ಒಂದು, ಎರಡು, ಮೂರು’ ಎಂದಾಗ ಎಲ್ಲರೂ ಒಟ್ಟಿಗೆ ಕಾಗದವನ್ನು ಎದೆಯ ಮಟ್ಟಕ್ಕೆ ಹಿಡಿಯಬೇಕು. ಕೈ ಎತ್ತಿಸಿದರೆ ಎಲ್ಲರೂ ಫಸ್ಟ್ ರ‍್ಯಾಂಕಿನವರನ್ನು ನೋಡಿ ಎತ್ತುತ್ತಾರೆ.

ಆಮೇಲಿನ 8 ನಿಮಿಷ, ನಿಜವಾದ ಬಲ್ಬು. ಇಲ್ಲಿ ಪರದೆಗೆ ಕೆಲಸವಿಲ್ಲ. ಎರಡು ಸೆಲ್ಲಿಗೆ ಎರಡು ಬಲ್ಬನ್ನು ಸರಣಿಯಲ್ಲಿ ಜೋಡಿಸಿ. ಮಂಕಾಗಿ ಬೆಳಗುತ್ತವೆ, ಮೇಜಿನ ಕೆಳಗಿನ ನೆರಳಿನಲ್ಲಿ ತೋರಿಸಿ. ಹೆಚ್ಚು ಬೆಳಕು ಬರಲಿ ಎಂದು ಮೂರನೆಯ ಸೆಲ್ ಸೇರಿಸಬೇಡಿ, ಮುಂದೆ ಒಂದೇ ಬಲ್ಬು ಹಾಕಿ ತೋರಿಸುವಾಗ 4.5 ವೋಲ್ಟಿಗೆ ಅದು ಸುಟ್ಟುಹೋಗುತ್ತದೆ. ಬಲ್ಬಿನ ಬದಲು ಎಲ್.ಇ.ಡಿ. ಬಳಸಿದರೆ ಪ್ರಯೋಗವೇ ಕೆಡುತ್ತದೆ. ಎರಡು ಎಲ್.ಇ.ಡಿ. ಸರಣಿಯಲ್ಲಿ 3 ವೋಲ್ಟಿಗೆ ಸರಿಯಾಗಿ ಹೊತ್ತುವುದೇ ಇಲ್ಲ. ಈಗ ಟಾರ್ಚ್ ಬಲ್ಬು ಊರ ಕಿರಾಣಿ ಅಂಗಡಿಯಲ್ಲಿ ಸಿಗುವುದು ಕಷ್ಟ, ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಯಲ್ಲಿ ಕೇಳಿ, ನಾಲ್ಕಾರು ಹೆಚ್ಚೇ ತಂದಿಡಿ.

ಇಲ್ಲಿಯೇ ಒಂದು ಗುಂಡಿ ಇದೆ. ಒಂದೇ ಡಬ್ಬಿಯ ಎರಡು ಬಲ್ಬುಗಳೂ ತಂತಿಯ ಸಣ್ಣ ವ್ಯತ್ಯಾಸದಿಂದ ಸಮವಾಗಿ ಬೆಳಗದೆ ಇರಬಹುದು. ಮೊದಲ ಬಲ್ಬೇ ತುಸು ಹೆಚ್ಚು ಬೆಳಗಿದರೆ ‘ನೋಡಿ ಸರ್, ನಾನು ಹೇಳಿದ್ದೇ ಸರಿ’ ಎಂದು ಅರ್ಧ ತರಗತಿ ಕೂಗುತ್ತದೆ. ಗಾಬರಿ ಬೇಡ. ಎರಡೂ ಬಲ್ಬುಗಳ ಜಾಗ ಅದಲುಬದಲು ಮಾಡಿ. ಹೆಚ್ಚಿನ ಬೆಳಕು ಆ ಬಲ್ಬಿನ ಹಿಂದೆಯೇ ಹೋಗುತ್ತದೆ, ಜಾಗದಲ್ಲಿ ಉಳಿಯುವುದಿಲ್ಲ. ಇದರಷ್ಟು ಚೆನ್ನಾಗಿ ವಿಷಯ ಮುಟ್ಟಿಸುವ ಗಳಿಗೆ ಇಡೀ ಪಾಠದಲ್ಲಿ ಬೇರೆ ಇಲ್ಲ, ಪರದೆಯ ಮೇಲಂತೂ ಇದು ಸಿಗುವುದೇ ಇಲ್ಲ. ಅಲ್ಲಿ ಎಲ್ಲ ಬಲ್ಬೂ ಒಂದೇ ಅಚ್ಚಿನವು.

ಈಗ 10 ನಿಮಿಷ ಪರದೆ. ಬಲ್ಬು ತೋರಿಸಲಾಗದ್ದನ್ನು, ಅಂದರೆ ತಂತಿಯೊಳಗಿನ ಹರಿವನ್ನು ತೋರಿಸುವುದಕ್ಕೆ ಮಾತ್ರ ಸಿಮ್ಯುಲೇಶನ್. ತೆರೆದೊಡನೆ ಪ್ರವಾಹ ತೋರಿಸುವ ಆಯ್ಕೆ ಎಲೆಕ್ಟ್ರಾನ್‌ಗಳ ಮೇಲಿರುತ್ತದೆ, ನೀಲಿ ಚುಕ್ಕೆಗಳು ಋಣ ತುದಿಯಿಂದ ಹೊರಡುತ್ತವೆ. ಪಠ್ಯಪುಸ್ತಕದ ಬಾಣ ಧನ ತುದಿಯಿಂದ. ಇದನ್ನು ಗಮನಿಸದೆ ತೋರಿಸಿದರೆ ಮಕ್ಕಳು ಪುಸ್ತಕ ತಪ್ಪೋ ಪರದೆ ತಪ್ಪೋ ಎಂದು ಗೊಂದಲಕ್ಕೆ ಬೀಳುತ್ತಾರೆ. ಪಾಠಕ್ಕೆ ಮುಂಚೆಯೇ ಸಾಂಪ್ರದಾಯಿಕ ಪ್ರವಾಹದ ಆಯ್ಕೆಗೆ ಬದಲಿಸಿಡಿ, ಕೊನೆಗೊಮ್ಮೆ ಎಲೆಕ್ಟ್ರಾನ್ ತೋರಿಸಿ ವ್ಯತ್ಯಾಸ ಹೇಳಿ. ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್ ಎಂದು ಅದು ತಾನಾಗಿ ಇಟ್ಟುಕೊಂಡಿರುತ್ತದೆ. ಒಂದು ಬಲ್ಬಿಗೆ 0.9 ಆಂಪಿಯರ್. ಎರಡು ಸರಣಿಯಲ್ಲಿ 0.45. ಅಮ್ಮೀಟರನ್ನು ಮೊದಲ ಬಲ್ಬಿಗೆ ಮುಂಚೆ, ಎರಡರ ನಡುವೆ, ಎರಡನೆಯದರ ನಂತರ, ಮೂರು ಕಡೆ ಇಡಿಸಿ. ಮೂರೂ ಕಡೆ 0.45 ಬರುತ್ತದೆ. ಪ್ರತಿ ಸಲವೂ ಮೀಟರ್ ಇಡುವ ಮೊದಲು ‘ಎಷ್ಟು ಬರುತ್ತೆ?’ ಎಂದು ಕೇಳಬೇಕು, ಮೌಸ್ ಮಗುವಿನ ಕೈಯಲ್ಲಿರಬೇಕು. ನೀವು ಹಿಂದಿನ ಬೆಂಚಿನ ಹತ್ತಿರ ನಿಂತಿರಿ. ಸಮಾಂತರದಲ್ಲಿ ಒಂದೊಂದಕ್ಕೂ 0.9, ಬ್ಯಾಟರಿಯಿಂದ ಹೊರಡುವುದು 1.8. ಈ ಲೆಕ್ಕವನ್ನು ಪಕ್ಕದ ಹಲಗೆಯಲ್ಲಿ ಬಿಡಿಸಿ, ಪರದೆಯ ಅಂಕಿಗೆ ತಾಳೆ ನೋಡಿ.

ಚಿತ್ರವನ್ನು ಮತ್ತೆ ಮರೆಮಾಡಿಸಿ 7 ನಿಮಿಷ ಪ್ರಶ್ನೆ. ಊಹೆಯಲ್ಲಿ ಕೇಳಿದ್ದಕ್ಕೆ ಹತ್ತಿರದ, ಆದರೆ ಅದೇ ಅಲ್ಲದ ಪ್ರಶ್ನೆ: ಮೂರು ಬಲ್ಬಿನ ಸರಣಿಯಲ್ಲಿ ನಡುವಿನದನ್ನು ಬಿಚ್ಚಿದರೆ? ಸಮಾಂತರದಲ್ಲಿ ಒಂದನ್ನು ಬಿಚ್ಚಿದರೆ ಉಳಿದದ್ದರ ಬೆಳಕು? ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಬಳಕೆಗೆ ತಂದ ವಿಧಾನದ ಅಳತೆ ನಮ್ಮ ತರಗತಿಗೂ ಹೊಂದುತ್ತದೆ. ನೂರಕ್ಕೆ 70ಕ್ಕಿಂತ ಹೆಚ್ಚು ಮಕ್ಕಳು ಸರಿ ಹೇಳಿದರೆ ಮುಂದೆ ಹೋಗಿ. 30ರಿಂದ 70ರ ನಡುವೆ ಇದ್ದರೆ ಉತ್ತರ ಹೇಳದೆ, ಬೇರೆ ಉತ್ತರ ಹಿಡಿದ ಪಕ್ಕದವರೊಡನೆ ಎರಡು ನಿಮಿಷ ವಾದ ಮಾಡಲು ಬಿಟ್ಟು ಮತ್ತೆ ಕಾಗದ ಎತ್ತಿಸಿ. 30ಕ್ಕಿಂತ ಕಡಿಮೆಯಾದರೆ ಮಾತುಕತೆಯಿಂದ ಏನೂ ಆಗದು, ನೀವೇ ಮತ್ತೆ ಹೇಳಿಕೊಡಬೇಕು. 50 ಮಕ್ಕಳಿದ್ದರೆ 15 ಮತ್ತು 35 ಎಂಬ ಎರಡು ಸಂಖ್ಯೆ ನೆನಪಿಟ್ಟರೆ ಸಾಕು. ತಲೆ ಎಣಿಸಲು ಅರ್ಧ ನಿಮಿಷ, ಯಾವ ಆಪೂ ಬೇಡ.

ಕೊನೆಯ 5 ನಿಮಿಷ ಬರವಣಿಗೆ. ಮೊದಲು ಬರೆದ ಊಹೆಯ ಕೆಳಗೆ, ‘ಈಗ ನಾನು ಏನು ಹೇಳುತ್ತೇನೆ, ಯಾಕೆ’ ಎಂದು ಎರಡು ಸಾಲು. ಹಳೆಯ ಉತ್ತರ ಅಳಿಸುವಂತಿಲ್ಲ.

ಈ ಚೌಕಟ್ಟು ಬೇರೆ ವಿಷಯಕ್ಕೂ ನಡೆಯುತ್ತದೆ. ಅರ್ಧವೃತ್ತದಲ್ಲಿನ ಕೋನ ಲಂಬಕೋನ ಎಂಬುದಕ್ಕೆ ಮೊದಲು ಪ್ರತಿಯೊಬ್ಬರೂ ಬೇರೆ ಬೇರೆ ತ್ರಿಜ್ಯದ ವೃತ್ತ ಬರೆದು ಕೋನಮಾಪಕದಲ್ಲಿ ಅಳೆಯಲಿ, 88, 91 ಎಂದು ಬರಲಿ, ಆಮೇಲೆ ಜಿಯೋಜೆಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಬಿಂದುವನ್ನು ಎಳೆದಾಡಿಸಿ. ಎಲ್ಲಿಗೆ ಎಳೆದರೂ 90 ಬಿಟ್ಟು ಕದಲದಿರುವುದನ್ನು ಕಂಡ ಮೇಲೆ ಯಾಕೆ ಎಂಬ ಪ್ರಶ್ನೆ ತಾನಾಗಿ ಬರುತ್ತದೆ, ಪ್ರಮೇಯದ ಸಾಧನೆ (ಪ್ರೂಫ್) ಅಲ್ಲಿಂದ ಹಲಗೆಯ ಮೇಲೆ. ಸಾಧನೆಯನ್ನು ಮಾತ್ರ ಸ್ಲೈಡಿನಲ್ಲಿ ತೋರಿಸಬೇಡಿ. ಸೀಮೆಸುಣ್ಣದ ನಿಧಾನವೇ ಅಲ್ಲಿ ಬೇಕಾದ ವೇಗ. ಪದ್ಯ ಓದಿಸುವುದಕ್ಕೆ, ಕೈಬರಹಕ್ಕೆ, ವ್ಯಾಕರಣದ ಅಭ್ಯಾಸಕ್ಕೂ ಪರದೆ ಬೇಡ.

ದೀಕ್ಷಾ ಮತ್ತು ವಿಡಿಯೋ

ಡಿಜಿಟಲ್ ಪಾಠಗಳಿರುವ ಕೇಂದ್ರ ಸರ್ಕಾರದ ದೀಕ್ಷಾ ವೇದಿಕೆ 2017ರ ಸೆಪ್ಟೆಂಬರ್ 5ರಂದು ಶುರುವಾಯಿತು. ಪಠ್ಯಪುಸ್ತಕದ ಅಧ್ಯಾಯಗಳಲ್ಲಿರುವ ಕ್ಯೂ.ಆರ್. ಕೋಡ್ ಅದರದ್ದೇ. ಆಪ್‌ನಲ್ಲಿ ಮಂಡಳಿ, ಮಾಧ್ಯಮ, ತರಗತಿ ಆಯ್ದು ಕೋಡ್ ಸ್ಕ್ಯಾನ್ ಮಾಡಿ. ಮುದ್ರಣ ಮಸುಕಾಗಿದ್ದರೆ ಕೋಡಿನ ಕೆಳಗಿರುವ ಆರು ಅಕ್ಷರ-ಅಂಕಿಗಳನ್ನು ಟೈಪ್ ಮಾಡಿದರೂ ಅದೇ ಪುಟ ಬರುತ್ತದೆ. ಬೇಕಾದ್ದನ್ನು ಸಿಗ್ನಲ್ ಇರುವ ಕಡೆ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್ ಹಾಕಿ ಒಮ್ಮೆ ಓಡಿಸಿ ನೋಡಿ. ಈ ಪರೀಕ್ಷೆ ಬಿಟ್ಟವರೇ ತರಗತಿಯಲ್ಲಿ ಸುತ್ತುವ ಚಕ್ರವನ್ನು ಮಕ್ಕಳಿಗೆ ತೋರಿಸುತ್ತ ನಿಲ್ಲುವುದು.

ವಿಡಿಯೋವನ್ನು ಮೊದಲಿನಿಂದ ಕೊನೆಯವರೆಗೆ ನೀವು ನೋಡಿರಲೇಬೇಕು. ಆರು ನಿಮಿಷದ ವಿಡಿಯೋದಲ್ಲಿ ಮೂರು ಕಡೆ ನಿಲ್ಲಿಸಿ. ಎಲ್ಲಿ ನಿಲ್ಲಿಸಬೇಕು, ಅಲ್ಲಿ ಏನು ಕೇಳಬೇಕು ಎಂದು ಪಾಠ ಯೋಜನೆಯಲ್ಲಿ ನಿಮಿಷ-ಸೆಕೆಂಡ್ ಸಮೇತ ಬರೆದಿಡಿ. ಇನ್ನೊಂದು ಉಪಾಯ: ಧ್ವನಿ ತೆಗೆದು, ಮಾತು ನೀವೇ ಆಡಿ. ಗ್ರಂಥಸ್ಥ ಕನ್ನಡದ ನಿರೂಪಣೆ ಕಲಬುರಗಿಯ ಮಗುವಿಗೂ ಕುಂದಾಪುರದ ಮಗುವಿಗೂ ಒಂದೇ ಥರ ದೂರ. ಮನೆಯಲ್ಲಿ ಉರ್ದು, ಮರಾಠಿ, ತೆಲುಗು, ತುಳು, ಲಂಬಾಣಿ ಆಡುವ ಮಗುವಿಗೆ ಇನ್ನೂ ದೂರ. ಅದೇ ಚಿತ್ರಕ್ಕೆ ನಿಮ್ಮ ಊರಿನ ಮಾತು ಸೇರಿದಾಗ ಪಾಠ ನಿಮ್ಮದಾಗುತ್ತದೆ. ಎರಡನೆಯ ಸಲ ಓಡಿಸುವಾಗ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನಿಲ್ಲಿಸಿ ಅವರಿಂದಲೇ ವಿವರಣೆ ಹೇಳಿಸಬಹುದು. ಯಾರಿಗೆ ಎಷ್ಟು ಹತ್ತಿದೆ ಎಂದು ಅಲ್ಲೇ ತಿಳಿಯುತ್ತದೆ.

ಮನೆಗೆ ವಿಡಿಯೋ ಲಿಂಕ್ ಕಳಿಸಿ ‘ನೋಡಿಕೊಂಡು ಬನ್ನಿ’ ಎನ್ನುವುದನ್ನು ಯೋಚಿಸಿ ಮಾಡಿ. ಮನೆಗೊಂದೇ ಫೋನು, ಅದು ಕೆಲಸದಿಂದ ಅಪ್ಪ ಬರುವವರೆಗೆ ಹೊರಗೆ, ಬಂದ ಮೇಲೆ ಅಣ್ಣನ ಕೈಯಲ್ಲಿ. ಹುಡುಗಿಯರ ಪಾಳಿ ಕೊನೆಗೆ. 2020ರಲ್ಲಿ ಶಾಲೆ ಮುಚ್ಚಿದ್ದಾಗ ರಾಜ್ಯ ವಿದ್ಯಾಗಮ ಎಂಬ ಕಾರ್ಯಕ್ರಮ ಮಾಡಿ ಶಿಕ್ಷಕರನ್ನು ಓಣಿಗೆ, ಗುಡಿಕಟ್ಟೆಗೆ ಕಳಿಸಬೇಕಾಗಿ ಬಂದದ್ದು ಈ ಕಾರಣಕ್ಕೇ. ನೋಡಲೇಬೇಕಾದದ್ದನ್ನು ಶಾಲೆಯಲ್ಲೇ ತೋರಿಸಿ, ಮನೆಗೆ ಕಾಗದದ ಕೆಲಸ ಕೊಡಿ.

ಹತ್ತು ಕಂಪ್ಯೂಟರ್, ನಲವತ್ತು ಮಕ್ಕಳು

ಒಂದಕ್ಕೆ ನಾಲ್ವರನ್ನು ಕೂರಿಸಿದರೆ ಒಬ್ಬ ಆಡುತ್ತಾನೆ, ಒಬ್ಬ ನೋಡುತ್ತಾನೆ, ಇಬ್ಬರು ಮಾತಾಡುತ್ತಾರೆ. ತರಗತಿಯನ್ನು ಎರಡು ಮಾಡಿ. ಇಪ್ಪತ್ತು ಮಕ್ಕಳು ಜೋಡಿಯಾಗಿ ಕಂಪ್ಯೂಟರಿನಲ್ಲಿ, ಇಪ್ಪತ್ತು ಮಕ್ಕಳು ಅದೇ ಕೋಣೆಯ ನಡುವೆ ನೋಟ್ ಪುಸ್ತಕದಲ್ಲಿ ಅದೇ ಪಾಠದ ಲೆಕ್ಕ ಮಾಡುತ್ತ. ಹದಿನೈದು ನಿಮಿಷಕ್ಕೆ ಅದಲುಬದಲು. ಜೋಡಿಯಲ್ಲಿ ಒಬ್ಬರ ಕೈಗೆ ಮೌಸ್, ಇನ್ನೊಬ್ಬರ ಕೈಗೆ ಕೆಲಸದ ಚೀಟಿ. ಚೀಟಿ ಹಿಡಿದವರು ಹೇಳಬೇಕು, ಮೌಸ್ ಹಿಡಿದವರು ಮಾಡಬೇಕು. ಏಳು ನಿಮಿಷಕ್ಕೆ ಚಪ್ಪಾಳೆ, ಮೌಸ್ ಕೈ ಬದಲು. ಹುಡುಗ-ಹುಡುಗಿ ಜೋಡಿಯಲ್ಲಿ ಮೌಸ್ ಹುಡುಗನ ಕಡೆಗೆ ಜಾರುವುದನ್ನು ಗಮನಿಸಿ, ಮೊದಲ ಏಳು ನಿಮಿಷ ಹುಡುಗಿಯರದು ಎಂದು ನಿಯಮ ಮಾಡಿಬಿಡಿ.

ಚೀಟಿಯಲ್ಲಿ ‘ಜಿಯೋಜೆಬ್ರಾ ಬಳಸಿ ತ್ರಿಭುಜ ರಚಿಸಿ’ ಎಂದು ಬರೆದರೆ ಹತ್ತೂ ಕಡೆಯಿಂದ ‘ಮಿಸ್, ಮಿಸ್’ ಎಂದು ಕರೆಯುತ್ತಾರೆ. ಐದು ಸಣ್ಣ ಹೆಜ್ಜೆ, ಪ್ರತಿ ಹೆಜ್ಜೆಗೆ ಪರದೆಯಲ್ಲಿ ಏನು ಕಾಣಬೇಕು ಎಂಬ ಒಂದು ಸಾಲು, ಕೊನೆಗೆ ಪುಸ್ತಕದಲ್ಲಿ ಬರೆಯಬೇಕಾದ ಒಂದು ಉತ್ತರ ಇರಲಿ. ಮೂರು ಯಂತ್ರ ಕೆಟ್ಟಿವೆ ಎಂದುಕೊಂಡೇ ಯೋಜನೆ ಮಾಡಿ.

ಅಂಕಿ ತುಂಬುವುದು ಬೇರೆ, ಅಂಕಿ ಓದುವುದು ಬೇರೆ

ಮಕ್ಕಳ ದಾಖಲೆ ಇಡುವ ಸರ್ಕಾರದ ಎಸ್.ಎ.ಟಿ.ಎಸ್. ಪೋರ್ಟಲಿಗೆ ಹಾಜರಿ, ಅಂಕ ತುಂಬಿಸುವುದೇ ತಂತ್ರಜ್ಞಾನ ಎಂದು ಎಷ್ಟೋ ಶಾಲೆಗಳಲ್ಲಿ ಅರ್ಥವಾಗಿಬಿಟ್ಟಿದೆ. ಸರ್ವರ್ ಡೌನ್ ಆದ ಸಂಜೆ ಕಾದು ಕೂರುವ ಕಷ್ಟ ಬೇರೆ. ತುಂಬುವುದು ತಪ್ಪದು. ಆದರೆ ಪಾಠಕ್ಕೆ ಉಪಯೋಗವಾಗುವ ಅಂಕಿ ಬೇರೆಯದೇ: ರೂಪಣಾತ್ಮಕ ಮೌಲ್ಯಮಾಪನ (ಎಫ್.ಎ.) ಪರೀಕ್ಷೆಯ ಪ್ರಶ್ನೆವಾರು ಲೆಕ್ಕ. ಲಿಬ್ರೆ ಆಫೀಸ್ ಕ್ಯಾಲ್ಕ್‌ನ ಲೆಕ್ಕದ ಹಾಳೆಯಲ್ಲಿ ಸಾಲಿಗೊಂದು ಮಗು, ಕಂಬಕ್ಕೊಂದು ಪ್ರಶ್ನೆ. ಸರಿ ಇದ್ದರೆ 1, ತಪ್ಪಿದ್ದರೆ 0. ಕೆಳಗೆ ಮೊತ್ತ. ನಲವತ್ತು ಮಕ್ಕಳು, ಹತ್ತು ಪ್ರಶ್ನೆ ಎಂದರೆ ಅರ್ಧ ಗಂಟೆಯ ಕೆಲಸ. ಅಡ್ಡಸಾಲಿನ ಮೊತ್ತ ಯಾವ ಮಗು ಹಿಂದಿದೆ ಎನ್ನುತ್ತದೆ, ಅದು ನಿಮಗೆ ಮೊದಲೇ ಗೊತ್ತಿರುತ್ತದೆ. ಕಂಬದ ಮೊತ್ತ ನೋಡಿ: 7ನೆಯ ಪ್ರಶ್ನೆಗೆ ನಲವತ್ತರಲ್ಲಿ ಆರೇ ಮಂದಿ ಸರಿ ಎಂದಾದರೆ ಅಲ್ಲಿ ಎಡವಿದ್ದು ಮಕ್ಕಳಿಗಿಂತ ಹೆಚ್ಚಾಗಿ ಪಾಠ, ಇಲ್ಲವೇ ಪ್ರಶ್ನೆಯ ವಾಕ್ಯ. ಮುಂದಿನ ವಾರದ ಪರದೆಯ ಹತ್ತು ನಿಮಿಷ ಅದಕ್ಕೇ ಹೋಗಲಿ.

ಚಾಟ್‌ಜಿಪಿಟಿ, ಜೆಮಿನಿಗಳಿಂದ ಪ್ರಶ್ನೆಗಳ ಕರಡು ತೆಗೆಯಬಹುದು. ಹತ್ತು ಕೇಳಿ, ನಾಲ್ಕು ಉಳಿಸಿಕೊಳ್ಳಿ. ಲೆಕ್ಕದ ಉತ್ತರವನ್ನು ಕೈಯಾರೆ ಬಿಡಿಸಿ ನೋಡದೆ ಮಕ್ಕಳ ಮುಂದಿಡಬೇಡಿ, ಪಾರಿಭಾಷಿಕ ಪದಗಳನ್ನು ಪಠ್ಯಪುಸ್ತಕದಂತೆ ತಿದ್ದಿ. ಇಂಥವುಗಳಿಗೆ ಮಕ್ಕಳ ಹೆಸರು, ಫೋಟೋ, ಜಾತಿ, ಅಂಕಪಟ್ಟಿ ಹಾಕಲೇಕೂಡದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕೆಂಬುದು ಅದರ ಮೂಲ ನಿಯಮ. ಉಚಿತ ಆಪ್ ಹಿಡಿದು ಬರುವವರು ಮೊದಲು ಕೇಳುವುದು ಮಕ್ಕಳ ಫೋನ್ ನಂಬರಿನ ಪಟ್ಟಿಯನ್ನೇ. ಕೊಡಬೇಡಿ.

ಒಬ್ಬರ ತಲೆಗೆ ಕಟ್ಟದಿರಲು

ಕಂಪ್ಯೂಟರ್ ಬಲ್ಲ ಒಬ್ಬ ಯುವ ಶಿಕ್ಷಕಿ ಇದ್ದರೆ ಇಡೀ ಶಾಲೆಯ ಆನ್‌ಲೈನ್ ಕೆಲಸ ಅವರ ಹೆಗಲಿಗೆ ಬೀಳುತ್ತದೆ, ಕೊನೆಗೆ ಅವರ ಪಾಠವೇ ಸೊರಗುತ್ತದೆ. ಎಚ್.ಎಂ. ಇಲ್ಲಿ ಗಟ್ಟಿಯಾಗಬೇಕು. ಪ್ರೊಜೆಕ್ಟರ್ ಕೋಣೆಗೆ ವಾರದ ವೇಳಾಪಟ್ಟಿ ಗೋಡೆಗೆ ಅಂಟಿಸಿ, ಪ್ರತಿ ವಿಷಯಕ್ಕೆ ವಾರಕ್ಕೆ ಎರಡು ಪೀರಿಯಡ್ ಮೀರದಂತೆ. ಒಂದು ವಹಿಯಲ್ಲಿ ದಿನಾಂಕ, ತರಗತಿ, ಪಾಠ, ಎಷ್ಟು ನಿಮಿಷ ಪರದೆ, ಏನು ಕೆಟ್ಟಿತು ಎಂದು ಒಂದೇ ಸಾಲು. ಹಚ್ಚುವುದು, ಆರಿಸುವುದು, ಕೇಬಲ್ ಸುತ್ತಿಡುವುದು ಒಂಬತ್ತನೆಯ ತರಗತಿಯ ನಾಲ್ವರು ಮಕ್ಕಳಿಗೆ ಕಲಿಸಿ, ಅವರಲ್ಲಿ ಇಬ್ಬರು ಹುಡುಗಿಯರಿರಲಿ. ಹತ್ತನೆಯವರಿಗೆ ಕಲಿಸಿದರೆ ವರ್ಷದ ಕೊನೆಗೆ ಅವರೇ ಇರುವುದಿಲ್ಲ.

ನಿಷ್ಠಾ, ಟಾಲ್ಪ್ ಮುಂತಾದ ತರಬೇತಿಯಿಂದ ಬಂದವರು ಒಂದು ವಾರದೊಳಗೆ ಒಂದು ಪಾಠವನ್ನು ಸಹೋದ್ಯೋಗಿಗಳ ಎದುರು ಮಾಡಿ ತೋರಿಸಲಿ. ತಡವಾದರೆ ಸರ್ಟಿಫಿಕೇಟ್ ಉಳಿಯುತ್ತದೆ, ಕೈಚಳಕ ಹೋಗುತ್ತದೆ. ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಹಂಚಿಕೊಳ್ಳುವಾಗ ವಿಡಿಯೋ ಲಿಂಕಿನ ಪಟ್ಟಿಗಿಂತ, ಒಂದು ಪಾಠದ ನಿಮಿಷವಾರು ಯೋಜನೆ ಮತ್ತು ಅದರಲ್ಲಿ ಎಡವಿದ ಜಾಗ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಫೈಲು ಕಳಿಸುವಾಗ ಹೆಸರಿನಲ್ಲಿ ತರಗತಿ, ವಿಷಯ, ಅಧ್ಯಾಯ, ವರ್ಷ ಇರಲಿ. ‘ಹೊಸ ಫೈನಲ್ 2’ ಎಂಬ ಫೈಲನ್ನು ಮುಂದಿನ ಜೂನ್‌ನಲ್ಲಿ ಯಾರೂ ಹುಡುಕಲಾರರು.

ಬೇಸಿಗೆ ರಜೆಗೆ ಮುಂಚೆ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹಾಕಿ, ಪೂರ್ತಿ ಚಾರ್ಜ್ ಮಾಡಿ ಇನ್ವರ್ಟರ್ ಆರಿಸಿ. ಕೇಬಲ್‌ಗಳನ್ನು ಬಿಚ್ಚಿ ತಗಡಿನ ಪೆಟ್ಟಿಗೆಯಲ್ಲಿಡಿ, ಇಲಿ ಮೊದಲು ಕಡಿಯುವುದು ಅವನ್ನೇ. ಪೋರ್ಟಲ್‌ಗಳ, ಲ್ಯಾಪ್‌ಟಾಪಿನ, ವೈಫೈನ ಪಾಸ್‌ವರ್ಡ್‌ಗಳನ್ನು ಬರೆದು ಮುಚ್ಚಿದ ಲಕೋಟೆಯಲ್ಲಿ ಎಚ್.ಎಂ. ಬೀರುವಿನಲ್ಲಿಡಿ. ಪಾಸ್‌ವರ್ಡ್ ಮರಳಿ ಪಡೆಯುವ ಮೊಬೈಲ್ ನಂಬರ್ ಯಾರದೆಂದೂ ಬರೆಯಿರಿ. ವರ್ಗಾವಣೆ ಕೌನ್ಸೆಲಿಂಗ್ ಮುಗಿದ ಮೇಲೆ ಒ.ಟಿ.ಪಿ. ಬೇರೆ ತಾಲ್ಲೂಕಿಗೆ ಹೋಗುತ್ತಿದ್ದರೆ ಲ್ಯಾಬಿನ ಬೀಗ ತೆರೆದೂ ಏನೂ ಮಾಡಲಾಗುವುದಿಲ್ಲ. ಆದ್ದರಿಂದ ರಿಲೀವ್ ಆಗುವ ದಿನದ ಚಾರ್ಜ್ ಪಟ್ಟಿಯಲ್ಲಿ ಕೀಲಿಕೈ, ರಿಮೋಟ್, ಪೆನ್‌ಡ್ರೈವ್‌ಗಳ ಜೊತೆ ಈ ನಂಬರ್ ಬದಲಾವಣೆಯೂ ಒಂದು ಬಾಬ್ತಾಗಿರಲಿ.